ಟವೆಲ್ಲುಗಳು ಓದಿದ ಶನಿವಾರ

ಇದನ್ನು ಹೇಳಿಬಿಡಬೇಕು ಅಂದುಕೊಂಡು ವರ್ಷಗಳೇ ಆದವು. ಮೊದಲು, ರಿಟೈರ್ ಆಗಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ರಿಟೈರ್ ಆದ ಮೇಲೆ, ಪೆನ್ಷನ್ ಕಾಗದ ಒಂದು ಕೈಸೇರಲಿ, ಅಲ್ಲಿಯವರೆಗೆ ಯಾರ ಬಾಯಿಗೂ ಬೀಳುವುದು ಬೇಡ ಅಂದುಕೊಂಡೆ. ಅದೂ ಬಂತು. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಕಣ್ಣು ಕಾಣದವನು ಬರೆಯುವುದಾದರೂ ಹೇಗೆ? ಈಗ ಕಣ್ಣು ಎಷ್ಟು ಚೆನ್ನಾಗಿ ಕಾಣುತ್ತಿದೆಯೆಂದರೆ, ಎದುರುಮನೆಯ ಜಗಲಿಯ ಮೇಲೆ ಒಣಹಾಕಿದ ಹುಣಿಸೆಹಣ್ಣಿನಲ್ಲಿರುವ ಬೀಜ ಕೂಡ ಕಾಣುತ್ತದೆ. ಬಿಪಿ ಹತೋಟಿಯಲ್ಲಿದೆ, ಮನೆಯಲ್ಲಿ ಎಲ್ಲರೂ ಕ್ಷೇಮ, ನಮ್ಮೂರು ಮಧುವನಹಳ್ಳಿಯಲ್ಲಿ ಸದ್ಯಕ್ಕೆ ಯಾರ ಮದುವೆಯೂ ಇಲ್ಲ. ನೆಪ ಅನ್ನುವುದು ಒಂದೂ ಉಳಿದಿಲ್ಲ. ಆದ್ದರಿಂದ ಹೇಳುತ್ತಿದ್ದೇನೆ. ನನ್ನೊಳಗೆ ಏನೋ ದೊಡ್ಡ ಬದಲಾವಣೆ ಆಯಿತೆಂದು ತಿಳಿಯಬೇಡಿ.

ನಾನು ಕೊಳ್ಳೇಗಾಲದಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದವನು. ಓದಿರುವುದು ಎಸ್ಸೆಸ್ಸೆಲ್ಸಿ, ಅದೂ ಲೆಕ್ಕದ ಪೇಪರನ್ನು ಎರಡನೇ ಸಲ ಕಟ್ಟಿ. ವಿಶ್ವವಿದ್ಯಾಲಯ ಎಂದ ಕೂಡಲೇ ದಪ್ಪ ದಪ್ಪ ಕಂಬಗಳ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮ ಲೈಬ್ರರಿ ಆಗ ಇದ್ದದ್ದು ಒಂದು ಬಾಡಿಗೆ ಶೆಡ್ಡಿನಲ್ಲಿ. ಹಿಂದೆ ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಮಳೆ ಬಿದ್ದರೆ ಸಾಕು, ಗೋಡೆಗಳೆಲ್ಲ ಬೆವೆತು, ಬೆಂದ ಗೂಡಿನ ವಾಸನೆ ಅರ್ಥಶಾಸ್ತ್ರದ ಕಪಾಟಿನಿಂದ ಶುರುವಾಗಿ ಇತಿಹಾಸದ ಕಪಾಟಿನ ತನಕ ಹರಡುತ್ತಿತ್ತು. ಹೊಸದಾಗಿ ಬಂದ ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡರೆ ನಾನು, "ಹಳೇ ಪುಸ್ತಕ ಅಂದ್ರೆ ಅಂಗೇಯ ಕಣ್ರಪ್ಪ" ಅನ್ನುತ್ತಿದ್ದೆ. ಅವರು ನಂಬುತ್ತಿದ್ದರು. ನನ್ನ ಮಾತನ್ನು ಜನ ಬೇಗ ನಂಬುತ್ತಾರೆ. ನನ್ನ ಕಷ್ಟಕ್ಕೆಲ್ಲ ಮೂಲ ಅದೇ.

ಈಗ ಟವೆಲ್ಲಿನ ವಿಷಯಕ್ಕೆ ಬರುತ್ತೇನೆ. ಹನೂರು, ಕೌದಳ್ಳಿ ಕಡೆಯ ಬಸ್ಸು ಕೊಳ್ಳೇಗಾಲದ ನಿಲ್ದಾಣಕ್ಕೆ ಬರುವುದನ್ನು ನೀವು ನೋಡಿದ್ದರೆ ನಾನು ವಿವರಿಸಬೇಕಾಗಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಛತ್ರಿ, ತರಕಾರಿ ಕಟ್ಟು ಎಲ್ಲ ಒಳಗೆ ಬೀಳುತ್ತವೆ. ಯಾರ ಟವೆಲ್ಲು ಬಿತ್ತೋ ಆ ಸೀಟು ಅವರದು. ಇದಕ್ಕೆ ಕಾನೂನು ಪುಸ್ತಕದಲ್ಲಿ ಜಾಗವಿಲ್ಲದಿದ್ದರೂ ನಮ್ಮ ಕಡೆ ಇದನ್ನು ಮುರಿದವರನ್ನು ನಾನು ಕಂಡಿಲ್ಲ. ಗಂಡ ಹೆಂಡಿರು ಜಗಳವಾಡುತ್ತಾರೆ, ಅಣ್ಣ ತಮ್ಮಂದಿರು ಬೇಲಿ ಸರಿಸುತ್ತಾರೆ, ಆದರೆ ಇನ್ನೊಬ್ಬರ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಯಾರೂ ಕೂರುವುದಿಲ್ಲ. ಒಮ್ಮೆ ನಾನೇ ಹನೂರಿಗೆ ಹೋಗಲು ಕಿಟಕಿಯಿಂದ ಟವೆಲ್ಲು ಎಸೆದು, ಒಂದು ಲೋಟ ಟೀ ಕುಡಿದು ಬರೋಣವೆಂದು ಹೋದೆ. ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮಾರನೆಯ ದಿನ ಕಂಡಕ್ಟರು ನನ್ನನ್ನು ಹುಡುಕಿಕೊಂಡು ಬಂದು ಟವೆಲ್ಲನ್ನು ಮಡಿಸಿ ಕೈಗಿತ್ತ. "ನಿಮ್ ಟವಲ್ಲು ಕೌದಳ್ಳಿ ಗಂಟ ಆರಾಮಾಗಿ ಕುಂತ್ಕಂಡು ಬಂತು ಕಣ್ರಿ. ಜನ ಬಾಗ್ಲಲ್ಲಿ ನೇತಾಡ್ಕಂಡ್ ಬಂದ್ರು, ಅಲ್ಲಿ ಮಾತ್ರ ಒಬ್ರೂ ಕೂರ್ನಿಲ್ಲ. ಟಿಕೆಟ್ ಕೇಳನ ಅಂದ್ಕಂಡೆ, ಅದ್ಕೆ ಬಾಯಿರ್ನಿಲ್ಲ" ಅಂದ.

ಇದೇ ಪದ್ಧತಿ ಲೈಬ್ರರಿಗೂ ಬಂದದ್ದರಲ್ಲಿ ಆಶ್ಚರ್ಯವೇನಿದೆ? ಓದುವ ಹುಡುಗರು ಬರುತ್ತಿದ್ದುದು ಅದೇ ಬಸ್ಸುಗಳಲ್ಲಿ. ಬೆಳಿಗ್ಗೆ ನಾನು ಬಾಗಿಲು ತೆಗೆದ ಕೂಡಲೇ ಕುರ್ಚಿಗಳ ಮೇಲೆ ಟವೆಲ್ಲು, ಟಿಫಿನ್ ಬಾಕ್ಸು, ಹೆಲ್ಮೆಟ್ಟು ಇಟ್ಟು ತಿಂಡಿಗೆ ಹೋಗಿಬಿಡುತ್ತಿದ್ದರು. ನಾನು ಅವನ್ನೆಲ್ಲ ಬಾಚಿ ನನ್ನ ಮೇಜಿನ ಮೇಲೆ ಗುಡ್ಡೆ ಹಾಕುತ್ತಿದ್ದೆ. ಬಂದವರಿಗೆ, "ಇದು ಬಸ್ಸಲ್ಲ ಕಣ್ರೋ, ಸರಸ್ವತಿ ಮನೆ. ಇಲ್ಲಿ ಮನುಷ್ಯ ಕುಂತ್ಕಂಡು ಓದ್ಬೇಕು, ಟವಲ್ಲು ಓದಕ್ಕಾದದಾ?" ಎಂದು ಬೈಯುತ್ತಿದ್ದೆ. ಆ ಮಾತು ನನಗೇ ಬಹಳ ಇಷ್ಟವಾಗಿ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದೆ ನನ್ನನ್ನು 'ಟವಲ್ ರಾಚಪ್ಪ' ಅನ್ನುತ್ತಿದ್ದರಂತೆ. ಅದರ ಪೂರ್ತಿ ಯೋಗ್ಯತೆ ನನಗೆ ಬಂದದ್ದು ಮುಂದೆ.

ಹೀಗಿರುವಾಗ ಒಂದು ದಿನ ನಮ್ಮ ಲೈಬ್ರೇರಿಯನ್ ಸುಜಾತಾ ಮೇಡಂ ನನ್ನನ್ನು ಕರೆದರು. ಮೈಸೂರಿನವರು, ಮೆದು ಮಾತಿನವರು, ಸುಳ್ಳು ಹೇಳಬೇಕಾದಾಗ ಕೆಮ್ಮು ಬರುವವರು. "ರಾಚಪ್ಪನವರೇ, ನಮ್ಮ ಲೈಬ್ರರಿಯ ಭವಿಷ್ಯ ಯೋಜನೆ ಮಾಡೋಕೆ ಒಂದು ಸಮಿತಿ ಬರ್ತಿದೆ" ಅಂದರು. ಭವಿಷ್ಯ ಎಂದರೆ ನನಗೆ ತಿಳಿದದ್ದು ಪೇಪರಿನ ಕೊನೆಯ ಪುಟದ ರಾಶಿಫಲ ಮಾತ್ರ. ಅವರು ಬಿಡಿಸಿ ಹೇಳಿದರು. ಮೇಲಿನವರ ಮುಂದೆ ಇರುವುದು ಎರಡು ದಾರಿ. ಒಂದು, ಕೇಂದ್ರದ ಸ್ವಂತ ಜಾಗದಲ್ಲಿ, ಹನೂರು ರಸ್ತೆಯಲ್ಲಿ, ಹೊಸ ಲೈಬ್ರರಿ ಕಟ್ಟುವುದು. ಇನ್ನೊಂದು, ಪುಸ್ತಕಗಳನ್ನೆಲ್ಲ ಲಾರಿಗೆ ತುಂಬಿ ದೊಡ್ಡ ಕ್ಯಾಂಪಸ್ಸಿಗೆ ಸಾಗಿಸಿ, ಇಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಅದನ್ನೇ ಲೈಬ್ರರಿ ಅನ್ನುವುದು. ಯಾವುದು ಅಂತ ತೀರ್ಮಾನ ಆಗುವುದು ಒಂದೇ ಪ್ರಶ್ನೆಯ ಮೇಲೆ: ಇಲ್ಲಿ ಕೂತು ಓದುವವರು ಇದ್ದಾರೆಯೇ?

"ಇದ್ದಾರಲ್ಲ ಮೇಡಂ, ದಿನಾ ಕುರ್ಚಿಗೆ ಕಿತ್ತಾಡ್ತಾರಲ್ಲ" ಅಂದೆ.

"ದಿನಾ ಇರ್ತಾರೆ. ಆದರೆ ಸಮಿತಿಯವರು ಬರ್ತಿರೋದು ಶನಿವಾರ" ಅಂದರು ಮೇಡಂ. ಅವರ ಮುಖ ಬಾಡಿತ್ತು.

ಶನಿವಾರವೆಂದರೆ ನಮ್ಮ ಹುಡುಗರು ಶುಕ್ರವಾರ ಸಂಜೆಯೇ ಊರು ಸೇರಿರುತ್ತಾರೆ. ಅದು ಸಾಲದೆಂದು ಆ ಶನಿವಾರ ಅಮಾವಾಸ್ಯೆ ಬೇರೆ. ಅಮಾವಾಸ್ಯೆ ದಿನ ದೇವರ ದರ್ಶನಕ್ಕೆ ಹೋಗುವ ಬೆಟ್ಟದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಿಕ್ಕ ಎಲ್ಲ ಕಡೆ ಜಾಗವೋ ಜಾಗ. ದಿನಾಂಕ ಬದಲಿಸಿ ಎಂದು ಮೇಡಂ ಫೋನು ಮಾಡಿ ಕೇಳಿಕೊಂಡರು. ಆಗುವುದಿಲ್ಲ ಎಂದರಂತೆ. ಅಂದು ರಾತ್ರಿ ಊಟಕ್ಕೆ ಕೂತಾಗ ನನಗೆ ಆ ಲಾರಿ ಕಾಣತೊಡಗಿತು. ನಾನು ಧೂಳು ಒರೆಸಿ ಒರೆಸಿ ಬೆನ್ನು ಬಗ್ಗಿಸಿಕೊಂಡ ಪುಸ್ತಕಗಳು ಅದರ ಮೇಲೆ ಹತ್ತಿ ಕೂತು ನನಗೆ ಟಾಟಾ ಮಾಡಿದ ಹಾಗೆ. ಹುಡುಗರು ನಿಜವಾಗಿ ಓದುತ್ತಾರೆ, ಆದರೆ ನೋಡುವವರು ಬರುವ ದಿನ ಓದುವುದಿಲ್ಲ, ಇಷ್ಟೇ ತಾನೇ ತೊಂದರೆ? ಸೋಮವಾರದ ಸತ್ಯವನ್ನು ಶನಿವಾರಕ್ಕೆ ತಂದು ಕೂರಿಸಿದರೆ ಅದು ಸುಳ್ಳು ಹೇಗಾಗುತ್ತದೆ? ನಾನು ಲೆಕ್ಕದ ಪೇಪರಿನಲ್ಲಿ ಫೇಲಾದದ್ದೂ ಇಂಥ ಯೋಚನೆಯಿಂದಲೇ.

ನನ್ನ ಹೆಂಡತಿ ಗೌರಮ್ಮನ ಬಳಿ ಒಂದು ಟ್ರಂಕು ಇದೆ. ನಮ್ಮಲ್ಲಿ ಮದುವೆ, ಗೃಹಪ್ರವೇಶ, ತಿಥಿ ಯಾವುದಾದರೂ ಸರಿ, ಬಂದವರ ಹೆಗಲಿಗೊಂದು ಟವೆಲ್ಲು ಬೀಳುತ್ತದೆ. ಅದರಲ್ಲಿ ಯಾರೂ ಮೈ ಒರೆಸಿಕೊಳ್ಳುವುದಿಲ್ಲ. ಟ್ರಂಕಿನಲ್ಲಿಟ್ಟು, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಹೆಗಲಿಗೆ ಹಾಕುವುದು. ಕೆಲವು ಟವೆಲ್ಲುಗಳು ನನಗಿಂತ ಹೆಚ್ಚು ಊರು ಸುತ್ತಿವೆ. ಆ ಟ್ರಂಕಿಗೆ ಕೈ ಹಾಕಿದಾಗ ಗೌರಮ್ಮ ಅಡುಗೆಮನೆಯಿಂದಲೇ ಕೇಳಿದಳು.

"ಏನ್ ತಡಕಾಡ್ತಿದ್ದೀರಿ?"

"ಟವಲ್ ಬೇಕು."

"ನೀಲಿ ಟವಲ್ಲು ತಂತಿ ಮ್ಯಾಲೆ ಅದಲ್ಲ."

"ಒಂದಲ್ಲ. ಇರೋವೆಲ್ಲ ಬೇಕು."

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಯಾರ್ಗೆ ಸನ್ಮಾನ? ನಿಮ್ಗಂತೂ ಯಾರೂ ಮಾಡಾಕಿಲ್ಲ."

"ಲೈಬ್ರರಿಗೆ ಕಣೆ. ಸಾಯಂಕಾಲ ವಾಪಸ್ ತತ್ತೀನಿ."

"ಆ ಕೆಂಪಂಚಿಂದು ಕೌದಳ್ಳಿ ಬೀಗ್ರು ಕೊಟ್ಟಿದ್ದು, ಕಲೆ ಗಿಲೆ ಮಾಡ್ಕಂಡ್ ಬಂದೀರಾ" ಎಂದು ಮತ್ತೆ ಒಳಗೆ ಹೋದಳು. ಯಾಕೆ ಎಂದು ಆಗ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ. ತಪ್ಪಿನಲ್ಲಿ ಅವಳಿಗೂ ಒಂದಿಷ್ಟು ಪಾಲು ಇರಲಿ ಎಂದು ಇದನ್ನು ಬರೆದಿದ್ದೇನೆ.

ಶನಿವಾರ ಬೆಳಿಗ್ಗೆ ಬೇಗ ಹೋಗಿ ಕುರ್ಚಿಗಳನ್ನು ಸಿಂಗರಿಸಿದೆ. ಎಲ್ಲದರ ಮೇಲೂ ಟವೆಲ್ಲೇ ಇದ್ದರೆ ಅನುಮಾನ ಬರುತ್ತದೆಂದು, ನಡುನಡುವೆ ಟಿಫಿನ್ ಬಾಕ್ಸು, ಛತ್ರಿ, ಮದುವೆಮನೆಯ ತಾಂಬೂಲದ ಚೀಲ ಇಟ್ಟೆ. ಒಂದೊಂದು ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟು ಪೆನ್ನು ಅಡ್ಡ ಮಲಗಿಸಿದೆ. ಒಂದು ಕಡೆ ಕನ್ನಡಕವನ್ನೂ ಇಟ್ಟೆ. ದೂರ ನಿಂತು ನೋಡಿದೆ. ತುಂಬಿದ ಸಭೆ! ಎಲ್ಲರೂ ಈಗಷ್ಟೇ ಟೀಗೆ ಎದ್ದು ಹೋದ ಹಾಗಿತ್ತು. ನಿಜವಾದ ಹುಡುಗರು ಇಷ್ಟು ಅಚ್ಚುಕಟ್ಟಾಗಿ ಯಾವತ್ತೂ ಕೂತವರಲ್ಲ.

ಆಗ ಬಾಗಿಲಲ್ಲಿ ನೆರಳು ಕಂಡಿತು. ಲೊಕ್ಕನಹಳ್ಳಿಯ ಅಂಗನವಾಡಿ ಟೀಚರಮ್ಮ. ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದವರು, ಶನಿವಾರ ಮಧ್ಯಾಹ್ನ ಮಾತ್ರ ಬರುತ್ತಿದ್ದವರು. ವಯಸ್ಸು ನಲವತ್ತು ದಾಟಿರಬೇಕು. ಸೂಪರ್‌ವೈಸರ್ ಹುದ್ದೆಯ ಪರೀಕ್ಷೆ ಬರೆಯಬೇಕಾದರೆ ಆ ಎಂ.ಎ. ಬೇಕೆಂದು ಒಮ್ಮೆ ಹೇಳಿದ್ದರು. ಅವತ್ತು ರಜೆ ಹಾಕಿ ಬೆಳಗಿನ ಬಸ್ಸಿಗೇ ಬಂದಿದ್ದರು. ಮಾರನೆಯ ದಿನ ಎಂ.ಎ. ಪರೀಕ್ಷೆಯ ಒಂದು ಪೇಪರು ಇತ್ತಂತೆ.

"ಸಾ, ಆ ಕಿಟಕಿ ತಾವ ಕುಂತ್ಕಳ್ಳಾ?"

"ಟವಲ್ ಕಾಣಲ್ವಾ ಟೀಚರಮ್ಮ? ಬತ್ತಾರೆ ಅವ್ರು."

"ಈ ಕಡೇದು?"

"ಅಲ್ಲೂ ಡಬ್ಬಿ ಮಡಗವ್ರೆ."

ಅವರು ಸುತ್ತ ನೋಡಿದರು. ಅವರ ಮುಖದಲ್ಲಿ ಬೇಸರ ಬರಲಿಲ್ಲ, ಅದೇ ನನ್ನನ್ನು ಇವತ್ತಿಗೂ ಕುಟುಕುವುದು. "ಅಮಾಸೆ ಅಲ್ವಾ, ಒಬ್ರೂ ಇರಾಕಿಲ್ಲ ಅಂದ್ಕಂಡ್ ಬಂದೆ ಸಾ. ಇಷ್ಟೊಂದ್ ಜನ ಓದ್ತಾವ್ರಾ! ಒಳ್ಳೇದಾಯ್ತು ಬುಡಿ" ಅಂದರು. ತಮಗೆ ಬೇಕಾದ ದಪ್ಪ ಪುಸ್ತಕವನ್ನು ಕಪಾಟಿನಿಂದ ತೆಗೆದು ಅಲ್ಲೇ ನಿಂತು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಕಾಲು ಸೋತು ಕಪಾಟಿಗೆ ಒರಗಿ ನೆಲದ ಮೇಲೆ ಕೂತರು.

ಒಂದು ಟವೆಲ್ಲನ್ನು ಎತ್ತಬಹುದಿತ್ತಲ್ಲ, ನಿನ್ನಪ್ಪನ ಗಂಟೇನು ಹೋಗುತ್ತಿತ್ತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕುರ್ಚಿಯ ಪ್ರಶ್ನೆ ಆಗಿರಲಿಲ್ಲ ಅದು. ಇಡೀ ಲೈಬ್ರರಿಯಲ್ಲಿ ಬಾಯಿ ಇದ್ದದ್ದು ಅವರೊಬ್ಬರಿಗೆ. ಬೆಳಗಿನಿಂದ ಒಬ್ಬರೂ ಬರಲಿಲ್ಲ ಎಂದು ಅವರಿಗೆ ಇನ್ನೊಂದು ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಸಮಿತಿಯವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು. ಹೊರಗೆ ಕಾರು ಬರುವ ಹೊತ್ತಾಗುತ್ತಿತ್ತು. ನಾನು ಹತ್ತಿರ ಹೋದೆ.

"ನೆಲದ ಮ್ಯಾಲೆ ಕುಂತ್ಕಬಾರ್ದು ಕಣಮ್ಮ. ಸಾಹೇಬ್ರುಗಳು ಬತ್ತಾವ್ರೆ, ಗಲೀಜಾಗಿ ಕಾಣ್ತದೆ."

ಅವರು ತಟಕ್ಕನೆ ಎದ್ದು ಸೀರೆ ಕೊಡವಿಕೊಂಡರು. "ಪುಸ್ತಕ ಆಚೆ ತಕಂಡೋಗಿ ಮರದಡೀಲಿ ಕುಂತ್ಕಳ್ಳಾ ಸಾ? ಇಲ್ಲೇ ಗೇಟತ್ರ."

"ರೆಫರೆನ್ಸ್ ಬುಕ್ಕು. ಆಚೆ ಕೊಡಕ್ಕಾಗಲ್ಲ, ರೂಲ್ಸು."

ಆ ಇಡೀ ದಿನ ನಾನು ಪಾಲಿಸಿದ ನಿಯಮ ಅದೊಂದೇ. ಅವರು ಪುಸ್ತಕವನ್ನು ತೆಗೆದ ಜಾಗದಲ್ಲೇ, ಬೆನ್ನು ಹೊರಗೆ ಕಾಣುವಂತೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. 'ಗಲೀಜು' ಎಂಬ ಮಾತನ್ನು ನಾನು ಹುಡುಗರ ಎಂಜಲು ಡಬ್ಬಿಗೂ ಆಡಿದವನಲ್ಲ.

ಸಮಿತಿ ಬಂತು. ಅಧ್ಯಕ್ಷರು ಯಳಂದೂರಿನ ಕಡೆಯ ಒಬ್ಬ ಪ್ರೊಫೆಸರು, ದಪ್ಪ ಮೀಸೆಯವರು. ಜೊತೆಗೆ ದೂರದ ಊರಿನ ಒಬ್ಬ ಎಂಜಿನಿಯರು, ಕೈಯಲ್ಲಿ ಟ್ಯಾಬು. ಸುಜಾತಾ ಮೇಡಂ ಒಳಗೆ ಬಂದು ಕುರ್ಚಿಗಳನ್ನು ನೋಡಿ ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಕಾಣೆ, ಕೆಮ್ಮಂತೂ ಬಂತು.

ಎಂಜಿನಿಯರು, "ಜನ ಎಲ್ಲಿದ್ದಾರೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರೊಫೆಸರು ನಕ್ಕರು. "ಟವಲ್ ಅವಲ್ಲ ಸ್ವಾಮಿ, ಕಾಣಲ್ವಾ? ಎಲ್ಲ ಟೀ ಕುಡಿಯಕ್ಕೆ ಓಗವ್ರೆ. ನಮ್ ಕಡೆ ಟವಲ್ ಮಡಗಿದ್ರೆ ಆಳು ಕುಂತಂಗೇಯ. ಬರ್ಕಳಿ, ಬರ್ಕಳಿ." ಎಂಜಿನಿಯರು ಒಂದೊಂದೇ ಟವೆಲ್ಲಿಗೆ ಬೆರಳು ತೋರಿಸಿ ಎಣಿಸಿ ಬರೆದುಕೊಂಡರು. ಪ್ರೊಫೆಸರು ಮಾತ್ರ ಒಂದು ಸಾಲಿನ ಬಳಿ ನಿಂತುಬಿಟ್ಟರು. ಅಲ್ಲಿ ಪಕ್ಕಪಕ್ಕದ ಮೂರು ಕುರ್ಚಿಯ ಮೇಲೂ ಒಂದೇ ಹೆಣ್ಣು ಗಂಡಿನ ಹೆಸರು ಅಚ್ಚಾದ ತಾಂಬೂಲದ ಚೀಲವಿತ್ತು.

"ಏನಪ್ಪಾ, ಎಲ್ರೂ ಒಂದೇ ಮದ್ವೇಗ್ ಓಗಿದ್ರಾ?"

"ಊರ್ ಮದ್ವೆ ಸಾ, ಎಲ್ರೂ ಓಗಿದ್ರು."

"ಊಟ ಎಂಗಿತ್ತು?"

"ಪಾಯಸ ಚೆನ್ನಾಗಿತ್ತು ಸಾ" ಅಂದೆ. ಅದು ಮಾತ್ರ ಸತ್ಯ.

ಕೆಲವು ವಾರ ಕಳೆದು ಸಮಿತಿಯವರು ಕೊನೆಯ ಸಭೆಗೆಂದು ಮತ್ತೆ ಬಂದರು. ಈ ಸಲ ಓದುಗರ ಮಾತನ್ನೂ ಕೇಳಬೇಕೆಂದರಂತೆ. ಮೇಡಂ ಕೆಲವು ವಿದ್ಯಾರ್ಥಿಗಳ ಜೊತೆಗೆ ಹೊರಗಿನ ಓದುಗರೆಂದು ಆ ಟೀಚರಮ್ಮನನ್ನು ಕರೆಸಿದ್ದರು. ನಾನು ಟೀ ತಟ್ಟೆ ಹಿಡಿದು ಒಳಗೆ ಹೋಗುವುದಕ್ಕೂ ಅವರು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಸಾ, ನಾನು ಕಣ್ಣಾರೆ ಕಂಡಿದ್ದು ಯೋಳ್ತೀನಿ" ಅಂದರು ಅವರು. "ಅಮಾಸೆ ಶನಿವಾರ್ದ ದಿಸ ಬಂದಿದ್ದೆ. ಒಂದ್ ಚೇರೂ ಖಾಲಿ ಇರ್ನಿಲ್ಲ. ಅಮಾಸೆ ದಿನ್ವೂ! ನನ್ಗೆ ಕೂರಕ್ಕೆ ಜಾಗ ಸಿಗ್ನಿಲ್ಲ, ಮಾರ್ನೆ ದಿನ್ದ ಪೇಪರು ಓಯ್ತು. ಅದ್ಕೆ ಯಾರನ್ನ ಬೈಯನ ಸಾ? ಓದೋರು ಜಾಸ್ತಿ ಅವ್ರೆ, ಜಾಗ ಕಮ್ಮಿ ಅದೆ. ರಾಚಪ್ನೋರು ಪಾಪ, ಅವ್ರಾದ್ರೂ ಏನ್ ಮಾಡಾರು? ನೀವು ಕಟ್ಸೋದಾದ್ರೆ ದೊಡ್ಡದಾಗಿ ಕಟ್ಸಿ. ನಮ್ಮಂತೋರು ವಾರಕ್ಕೊಂದ್ ದಿನ ಬಂದ್ರೂವೆ ಒಂದ್ ಕುರ್ಚಿ ಸಿಗಂಗೆ."

ಪ್ರೊಫೆಸರು ಮೀಸೆ ಸವರಿಕೊಂಡು, "ಇನ್ನೇನ್ ಬೇಕು?" ಅಂದರು. ಎಂಜಿನಿಯರು ಟ್ಯಾಬಿನಲ್ಲಿ ಏನೋ ಒತ್ತಿದರು. ನನ್ನ ಟವೆಲ್ಲುಗಳು ಹೇಳಲಾಗದ ಮಾತನ್ನು ಆಕೆ ತನ್ನ ಪೇಪರು ಕಳೆದುಕೊಂಡು ಹೇಳಿಬಿಟ್ಟಿದ್ದರು. ನಾನು ಮೊದಲ ಲೋಟ ಟೀಯನ್ನು ಅಧ್ಯಕ್ಷರಿಗೆ ಬಿಟ್ಟು ಅವರಿಗೆ ಕೊಟ್ಟೆ. "ಇರ್ಲಿ ಬುಡಿ ಸಾ, ಮೊದ್ಲು ದೊಡ್ಡೋರ್ಗೆ ಕೊಡಿ" ಅಂದರು.

ಲೈಬ್ರರಿ ಕಟ್ಟಿದರು. ಸುಳ್ಳಿನ ಮೇಲೆ ಎಬ್ಬಿಸಿದ ಕಟ್ಟಡ ಬಿದ್ದೇ ಬೀಳುತ್ತದೆಂದು ನಾನು ಒಂದೆರಡು ಮಳೆಗಾಲ ಹೆದರಿಕೊಂಡು ತಾರಸಿ ನೋಡಿದೆ. ಬೀಳುವುದಿರಲಿ, ಸೋರುವುದೂ ಇಲ್ಲ. ಗೂಡಿನ ವಾಸನೆ ಇಲ್ಲ. ಕಿಟಕಿ ತೆಗೆದರೆ ದೂರದಲ್ಲಿ ಬೆಟ್ಟ ಕಾಣುತ್ತದೆ. ಕುರ್ಚಿಗಳು ಖಾಲಿ ಬಿದ್ದು ನನ್ನನ್ನು ಹಂಗಿಸುತ್ತವೆ ಎಂದುಕೊಂಡಿದ್ದೆ, ಅದೂ ಆಗಲಿಲ್ಲ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಹನೂರು, ಯಳಂದೂರು, ಎಲ್ಲೆಲ್ಲಿಂದಲೋ ಬಂದು ತುಂಬಿಕೊಂಡಿದ್ದಾರೆ. ಸುಜಾತಾ ಮೇಡಂ ಈಗ ಮುಂದಿನ ಯೋಜನೆ ಹಾಕುತ್ತಿದ್ದಾರೆ: ಸಂಜೆ ಹೆಚ್ಚು ಹೊತ್ತು ತೆರೆದಿಡುವುದು, ಕಾಡೊಳಗಿನ ಸೋಲಿಗರ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಬರುವ ಮಕ್ಕಳಿಗೆ ಮನೆಗೇ ಪುಸ್ತಕ ಕೊಡುವುದು. ರಿಟೈರಾದ ನನ್ನನ್ನೂ ಓದುಗರ ಸಮಿತಿಗೆ ಹಾಕಿಕೊಂಡಿದ್ದಾರೆ. ಕುರ್ಚಿಯ ಮೇಲೆ ವಸ್ತು ಇಟ್ಟು ಅರ್ಧ ಗಂಟೆ ಬಾರದಿದ್ದರೆ ಎತ್ತಿಬಿಡಬೇಕು ಎಂಬ ನಿಯಮ ನಾನು ಸೂಚಿಸಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ಸ್ವಲ್ಪ ಕೆಮ್ಮಿದರು.

ಟೀಚರಮ್ಮ ಆ ಪೇಪರನ್ನು ಮಾರನೆಯ ವರ್ಷ ಕಟ್ಟಿ ಪಾಸಾದರು. ಒಂದು ವರ್ಷ ಹೋಯಿತು ಅಷ್ಟೇ ಎಂದು ನಾನು ಹೇಳಬಹುದು. ಹೋದದ್ದು ನನ್ನ ವರ್ಷವಲ್ಲ. ಈಗ ಅವರು ಸೂಪರ್‌ವೈಸರು. ಓದುವ ರುಚಿ ಹತ್ತಿ ಶನಿವಾರ ಈಗಲೂ ಬರುತ್ತಾರೆ. ನನ್ನನ್ನು ಕಂಡರೆ, "ಚೆನ್ನಾಗಿದ್ದೀರಾ ಸಾ? ಕಣ್ಣು ಎಂಗದೆ?" ಎನ್ನುತ್ತಾರೆ. ಲೊಕ್ಕನಹಳ್ಳಿಯಿಂದ ಅವರೆಕಾಯಿ ತಂದುಕೊಟ್ಟದ್ದೂ ಉಂಟು. ಗೌರಮ್ಮ ಸಾರು ಮಾಡಿದಳು. ಎರಡು ಸಲ ಹಾಕಿಸಿಕೊಂಡು ಉಂಡೆ. ನನ್ನ ಪಶ್ಚಾತ್ತಾಪ ಹೊಟ್ಟೆಯವರೆಗೆ ಇಳಿಯುವಂಥದ್ದಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಾದರೂ ಮಾಡೋಣವೆಂದು ನಾನೊಂದು ಉಪಾಯ ಹುಡುಕಿದೆ. ಶನಿವಾರ ಬೇಗ ಹೋಗಿ, ಬೆಟ್ಟ ಕಾಣುವ ಕಿಟಕಿಯ ಪಕ್ಕದ ಕುರ್ಚಿಗೆ ಆ ಕೆಂಪಂಚಿನ ಟವೆಲ್ಲು ಹಾಕಿ, ಎದುರು ಮೇಜಿನಲ್ಲಿ ಪೇಪರು ಹಿಡಿದು ಕೂರುತ್ತೇನೆ. ಅವರು ಬರುತ್ತಾರೆ. ಕುರ್ಚಿ ನೋಡುತ್ತಾರೆ. ಟವೆಲ್ಲು ನೋಡುತ್ತಾರೆ. ಹೋಗಿ ಬಾಗಿಲ ಹತ್ತಿರ, ಧೂಳು ಬರುವ ಕಡೆ ಕೂತುಬಿಡುತ್ತಾರೆ!

"ಅಲ್ಲಿ ಕುಂತ್ಕಳಿ ಟೀಚರಮ್ಮ, ಗಾಳಿ ಚೆನ್ನಾಗಿ ಬತ್ತದೆ" ಎಂದು ಒಮ್ಮೆ ಹೇಳಿಯೂ ನೋಡಿದೆ.

"ಬ್ಯಾಡಿ ಸಾ, ಯಾರೋ ಟವಲ್ ಮಡಗವ್ರೆ. ಪಾಪ, ಎಲ್ಲಿಂದ ಬರ್ಬೇಕೋ ಏನೋ."

ನಿಮಗೇ ಇಟ್ಟದ್ದು ಎನ್ನಬೇಕಿತ್ತು. ಎಂದರೆ, ನನಗ್ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಆ ಅಮಾವಾಸ್ಯೆಯ ತನಕ ಹೋಗಬೇಕು. ನಾನು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ, ರಾಶಿಫಲ ಓದತೊಡಗಿದೆ. ಅರ್ಧ ಗಂಟೆಯಾದ ಕೂಡಲೇ ಹೊಸ ಅಟೆಂಡರ್ ಹೆಂಗಸು ಬಂದು ಟವೆಲ್ಲನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. "ನೀವೇ ಮಾಡ್ಸಿದ ರೂಲ್ಸು ತಾತ. ಇದು ಬಸ್ಸಲ್ಲ" ಅಂದಳು. ನನ್ನ ಮಾತು ನನಗೆ ಎಷ್ಟು ಇಷ್ಟವಾಗಿತ್ತೆಂದು ಆಗಲೇ ಹೇಳಿದ್ದೇನೆ.

ಈಗಲೂ ಪ್ರತಿ ಶನಿವಾರ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಹೊರಟಾಗ ಗೌರಮ್ಮ ಬಾಗಿಲಲ್ಲಿ ನಿಂತು, "ಅದ್ಯಾರ್ಗೆ ಸೀಟ್ ಇಡಿಯಕ್ಕೆ ಓಯ್ತೀರಿ ವಾರವಾರ?" ಎಂದು ಕೇಳುತ್ತಾಳೆ. ಉತ್ತರ ಕೊಟ್ಟಿಲ್ಲ. ಮೇಡಂಗೂ ಹೇಳಿಲ್ಲ. ಟೀಚರಮ್ಮ ಓದುವ ಹೆಂಗಸು, ಇಲ್ಲಿ ಬರೆದರೆ ಎಂದಾದರೊಂದು ದಿನ ಅವರ ಕಣ್ಣಿಗೇ ಬಿದ್ದೀತು. ಹಾಗೆ ಬಿದ್ದರೆ ಮುಂದಿನ ಶನಿವಾರ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಕೂತುಕೊಳ್ಳಲಿ. ಆ ಕಿಟಕಿಯ ಪಕ್ಕದ ಕುರ್ಚಿ ಲೊಕ್ಕನಹಳ್ಳಿಯ ಪುಟ್ಟಮಾದಮ್ಮನವರದು.